ಬೋನಿಗೆ ಬಿದ್ದಿದ್ದ ಚಿರತೆಯೇ ವಾಪಸ್ ಬಂದಿದೆಯಾ?

ಪ್ರಶ್ನೆ: ನಮಸ್ತೆ ಮೇಡಂ. ನಮ್ಮದು ತುಮಕೂರು ಕಡೆ. ಕಳೆದ ತಿಂಗಳು ಊರ ಹತ್ತಿರ ಒಂದು ಚಿರತೆ ಬೋನಿಗೆ ಬಿತ್ತು, ಒಯ್ದು ದೂರದ ಕಾಡಿಗೆ ಬಿಟ್ಟರು. ಮೊನ್ನೆ ರಾತ್ರಿ ತೋಟದ ಸಿಸಿಟಿವಿಯಲ್ಲಿ ಮತ್ತೆ ಚಿರತೆ ಕಾಣಿಸಿದೆ. ಅದೇ ವಾಪಸ್ ಬಂದಿದೆ ಅಂತ ಊರೆಲ್ಲ ಮಾತು. ನನಗೆ ಎಲ್ಲಾ ಚಿರತೆಯೂ ಒಂದೇ ಥರ ಕಾಣುತ್ತದೆ. ಗುರುತು ಹಿಡಿಯೋಕೆ ಆಗುತ್ತಾ?

ಉತ್ತರ (ವನ್ಯಜೀವಿ ಪಶುವೈದ್ಯೆ): ಖಂಡಿತ ಆಗುತ್ತದೆ. ಪಕ್ಕೆ ನೋಡಿ. ತಲೆ, ಕಾಲು, ಹೊಟ್ಟೆಯ ಮೇಲಿರುವುದು ಬರೀ ಕಪ್ಪು ಚುಕ್ಕೆ. ಬೆನ್ನು, ಪಕ್ಕೆಯಲ್ಲಿ ಮಾತ್ರ ಕಪ್ಪು ಮಚ್ಚೆಗಳು ಗುಂಪಾಗಿ, ಒಡೆದ ಬಳೆಯ ಹಾಗೆ ಉಂಗುರ ಕಟ್ಟಿರುತ್ತವೆ. ಉಂಗುರದ ಒಳಗಿನ ಬಣ್ಣ ಸುತ್ತಲಿನ ಕೂದಲಿಗಿಂತ ತುಸು ಗಾಢ. ಒಂದು ಚಿರತೆಯ ಉಂಗುರಗಳ ಜೋಡಣೆ ಇನ್ನೊಂದಕ್ಕೆ ಇರುವುದಿಲ್ಲ. ಬೆಳೆದ ಮೇಲೆ ಬದಲಾಗುವುದೂ ಇಲ್ಲ. ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಮುಂದೆ ಹಾದಾಗ ತಾನೇ ಫೋಟೋ ತೆಗೆಯುವ ಕ್ಯಾಮೆರಾ) ಇಟ್ಟು ಚಿರತೆ ಎಣಿಸುವವರು ನಂಬುವುದು ಇದನ್ನೇ.

ಭುಜದ ಹಿಂದೆ, ಆಕಾರ ವಿಚಿತ್ರವಾಗಿರುವ ಎರಡು ಮೂರು ಉಂಗುರ ಆರಿಸಿಕೊಳ್ಳಿ. ಒಂದು ಕಡೆ ಬಾಯಿ ಬಿಟ್ಟದ್ದು, ಇಲ್ಲವೇ ಪಕ್ಕದ್ದಕ್ಕೆ ಅಂಟಿಕೊಂಡದ್ದು. ಅಲ್ಲಿಂದ ಅಕ್ಕಪಕ್ಕ ಏನೇನಿದೆ ಅಂತ ಒಂದೊಂದಾಗಿ ಹೋಲಿಸುತ್ತಾ ಹೋಗಿ. ಮೈ ತಿರುಗಿಸಿದಾಗ ಚರ್ಮ ಎಳೆದು ಉಂಗುರ ಸೊಟ್ಟಗಾಗುತ್ತದೆ. ಹಾಗಾಗಿ ನೇರವಾಗಿ ನಡೆಯುತ್ತಿರುವ ಫ್ರೇಮ್ ಬೇಕು.

ಪ್ರಶ್ನೆ: ಬೋನಿನಲ್ಲಿದ್ದಾಗ ತೆಗೆದ ಫೋಟೋದಲ್ಲಿ ಎಡಪಕ್ಕೆ ಇದೆ. ಸಿಸಿಟಿವಿಯಲ್ಲಿ ಬಲಪಕ್ಕೆ ಕಾಣುತ್ತಿದೆ.

ಉತ್ತರ: ಹಾಗಾದರೆ ಆ ಎರಡನ್ನು ಹೋಲಿಸಿ ಪ್ರಯೋಜನವಿಲ್ಲ. ಒಂದೇ ಪ್ರಾಣಿಯಲ್ಲೂ ಎಡ, ಬಲ ಬೇರೆ ಬೇರೆ. ಗಂಡೋ ಹೆಣ್ಣೋ ನೋಡಿ, ಅದೇ ಬೇರೆಯಾದರೆ ಅನುಮಾನ ಅಲ್ಲಿಗೇ ಮುಗಿಯಿತು. ಬಲಿತ ಗಂಡಿನ ತಲೆ ಅಗಲ, ಕತ್ತು ದಪ್ಪ, ತೂಕ ಸಾಮಾನ್ಯವಾಗಿ 50ರಿಂದ 70 ಕೆ.ಜಿ. ಹೆಣ್ಣು ಸಣ್ಣದು, 30-40 ಕೆ.ಜಿ. ಆಸುಪಾಸು. ಹಿಂದಿನಿಂದ ಕಂಡರೆ ಗಂಡಿನ ಬೀಜ ಕಾಣುತ್ತದೆ.

ಇನ್ನೊಬ್ಬರ ಪ್ರಶ್ನೆ: ಕಬಿನಿಯ ಕರಿ ಚಿರತೆಗೆ ಚುಕ್ಕೆಯೇ ಇಲ್ಲವಲ್ಲ ಮೇಡಂ? ಅದು ಬೇರೆ ಜಾತಿ ಅಲ್ವಾ?

ಉತ್ತರ: ಅಲ್ಲ, ಅದೂ ಇದೇ ಚಿರತೆ. ತಂದೆ ತಾಯಿ ಇಬ್ಬರಿಂದಲೂ ಆ ಗುಣ ಬಂದರೆ ಮರಿ ಕಪ್ಪಾಗುತ್ತದೆ. ಒಂದೇ ಸೂಲಿನಲ್ಲಿ ಕಪ್ಪು ಮರಿ, ಹಳದಿ ಮರಿ ಎರಡೂ ಇರಬಹುದು. ಓರೆ ಬಿಸಿಲು ಬಿದ್ದಾಗ ಕಪ್ಪಿನೊಳಗೆ ಉಂಗುರ ಕಾಣುತ್ತದೆ, ಗಮನಿಸಿ. ಮಲಯ ಪರ್ಯಾಯ ದ್ವೀಪದಲ್ಲಿ ಹೆಚ್ಚಿನ ಚಿರತೆಗಳು ಕಪ್ಪು. ಅಲ್ಲಿ ಸಂಶೋಧಕರು ಕ್ಯಾಮೆರಾ ಯಾವಾಗಲೂ ಇನ್‌ಫ್ರಾರೆಡ್‌ನಲ್ಲೇ, ಅಂದರೆ ನಮ್ಮ ಕಣ್ಣಿಗೆ ಕಾಣದ ಬೆಳಕಿನಲ್ಲೇ, ಫೋಟೋ ತೆಗೆಯುವಂತೆ ಮಾಡಿದರು. ಉಂಗುರಗಳು ಸ್ಪಷ್ಟವಾಗಿ ಬಂದವು, ಒಂದೊಂದನ್ನೂ ಗುರುತಿಸಿ ಎಣಿಸಿದರು.

ತುಮಕೂರಿನವರಿಗೆ: ರೇಂಜ್ ಆಫೀಸಿನಲ್ಲಿ ಬಲಪಕ್ಕೆಯ ಫೋಟೋ ಇದೆಯಾ ಕೇಳಿ. ಸಿಕ್ಕಿದರೆ ಸಿಸಿಟಿವಿ ಫ್ರೇಮ್ ಜೊತೆ ಇಲ್ಲಿ ಹಾಕಿ, ನಾನೂ ನೋಡುತ್ತೇನೆ.