ಒಂದು ಸ್ಮೋಕ್ ಅಲಾರಂ ಕೂಗಿದರೆ ಎಲ್ಲವೂ ಕೂಗಬೇಕು: ಮೂರನೇ ವೈರ್ ಬೇಕೇ ಬೇಕಾ?

ಮಹಡಿಮನೆ:

ಎಲ್ಲರಿಗೂ ನಮಸ್ಕಾರ. ಮನೆ ಕಟ್ಟಿಸುತ್ತಿದ್ದೇವೆ, ಎರಡು ಅಂತಸ್ತು. ಗೋಡೆ ಕೊರೆದು ಪೈಪ್ ಕೂರಿಸುತ್ತಿದ್ದಾರೆ, ವೈರ್ ಇನ್ನೂ ಎಳೆದಿಲ್ಲ. ಕೆಳಗೆ ಅಡುಗೆಮನೆ, ಹಾಲ್, ಅಮ್ಮನ ರೂಮು. ಮೇಲೆ ನಮ್ಮ ರೂಮು, ಮಕ್ಕಳ ರೂಮು. ರಾತ್ರಿ ಎಲ್ಲರೂ ಬಾಗಿಲು ಹಾಕಿಕೊಂಡೇ ಮಲಗುತ್ತೇವೆ. ಕೆಳಗೆ ಏನಾದರೂ ಹೊತ್ತಿಕೊಂಡರೆ ಮೇಲೆ ಮಲಗಿದವರಿಗೆ ತಕ್ಷಣ ಗೊತ್ತಾಗಬೇಕು. ಅದಕ್ಕೇ ಒಂದಕ್ಕೊಂದು ಜೋಡಿಸುವ ಸ್ಮೋಕ್ ಅಲಾರಂ ಹಾಕಿಸಬೇಕು ಅಂದುಕೊಂಡಿದ್ದೇನೆ.

ವೈರಿಂಗ್ ಮಾಡುವವರು "ಫೇಸ್, ನ್ಯೂಟ್ರಲ್ ಎರಡೇ ಸಾಕು, ಆಯಾ ರೂಮಿನ ಲೈಟ್ ಪಾಯಿಂಟ್‌ನಿಂದ ಕೊಡ್ತೀನಿ" ಅನ್ನುತ್ತಾರೆ. ಮೂರನೇ ವೈರ್ ಬೇಕಂತೆ ಅಂದಾಗ "ಹಾಗಾದ್ರೆ ಅರ್ತ್ ವೈರನ್ನೇ ಅದಕ್ಕೆ ಬಳಸೋಣ" ಅಂದರು. ಇದು ಸರಿಯಾ? ಬೇರೆ ಕಂಪನಿಯ ಎರಡು ಅಲಾರಂ ನಮ್ಮ ಹತ್ತಿರ ಆಗಲೇ ಇವೆ, ಅವನ್ನೂ ಇದೇ ಸಾಲಿಗೆ ಸೇರಿಸಬಹುದಾ? ಪ್ಲಾಸ್ಟರ್ ಆದಮೇಲೆ ಮತ್ತೆ ಗೋಡೆ ಒಡೆಯುವ ಹಾಗಾಗಬಾರದು. ದಯವಿಟ್ಟು ಹೇಳಿ.

ಜಂಕ್ಷನ್‌ಬಾಕ್ಸ್:

ಮೇಡಂ, ಸರಿಯಾದ ಹೊತ್ತಿಗೆ ಕೇಳಿದಿರಿ. ಮನೆ ವೈರಿಂಗ್ ನನ್ನ ಕಸುಬು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಅರ್ತ್ ವಿಷಯ. ದಯವಿಟ್ಟು ಬೇಡ. ಹಸಿರು ವೈರ್ ಕಂಡರೆ ಯಾವ ಎಲೆಕ್ಟ್ರಿಷಿಯನ್ ಆದರೂ ಅರ್ತ್ ಅಂತಲೇ ನಂಬುತ್ತಾನೆ. ಎಷ್ಟೋ ವರ್ಷ ಬಿಟ್ಟು ಬೇರೆ ಯಾರೋ ಆ ಬಾಕ್ಸ್ ಬಿಚ್ಚಿ, ಆ ಹಸಿರು ವೈರನ್ನು ಫ್ಯಾನಿನ ಬಾಡಿಗೋ ಸ್ವಿಚ್‌ಬೋರ್ಡಿನ ಅರ್ತ್‌ಗೋ ಸೇರಿಸಿಬಿಟ್ಟರೆ ಅಲಾರಂ ಸಾಲೂ ಕೆಡುತ್ತದೆ, ಮುಟ್ಟಿದವರಿಗೂ ಅಪಾಯ. ಅರ್ತ್ ಅರ್ತ್ ಆಗಿಯೇ ಇರಲಿ. ಪ್ಲಾಸ್ಟಿಕ್ ಬಾಡಿಯ ಅಲಾರಂಗೆ ಸಾಮಾನ್ಯವಾಗಿ ಅರ್ತ್ ಬೇಕಾಗುವುದಿಲ್ಲ. ಪೈಪ್‌ನಲ್ಲಿ ಅರ್ತ್ ಬಂದಿದ್ದರೆ ಬಾಕ್ಸ್‌ನೊಳಗೇ ಮುಗಿಸಿಡಿ.

ಈಗ ಮೂರನೇ ವೈರ್. ವೈರ್‌ನಿಂದ ಜೋಡಿಸುವ ಅಲಾರಂಗಳಿಗೆ ಇದು ಬೇಕೇ ಬೇಕು. ಫೇಸ್, ನ್ಯೂಟ್ರಲ್ ಬರೀ ಕರೆಂಟ್ ಕೊಡುತ್ತವೆ. ಒಂದು ಅಲಾರಂಗೆ ಹೊಗೆ ಸಿಕ್ಕಾಗ ಅದು ಮಿಕ್ಕವಕ್ಕೆ ಸುದ್ದಿ ಮುಟ್ಟಿಸುವುದು ಈ ಮೂರನೆಯದರ ಮೇಲೆ. ಹಲವು ಅಮೆರಿಕನ್ ಮಾಡೆಲ್‌ಗಳಲ್ಲಿ ಆ ವೈರ್‌ಗೂ ನ್ಯೂಟ್ರಲ್‌ಗೂ ನಡುವೆ ಸುಮಾರು 9 ವೋಲ್ಟ್ ಡಿಸಿ ಕೊಡುತ್ತಾರೆ. ಬೇರೆ ಕಂಪನಿಯವರು ಬೇರೆ ರೀತಿ ಕಳಿಸುತ್ತಾರೆ. ಹಾಗಾಗಿ ನಿಮ್ಮ ಹಳೆಯ ಎರಡನ್ನು ಸೇರಿಸಬೇಡಿ. ಒಂದರ ಸುದ್ದಿ ಇನ್ನೊಂದಕ್ಕೆ ಅರ್ಥವಾಗದೆ ಹೋಗಬಹುದು, ಸುಮ್ನೆ ಕೂಗಿಕೊಳ್ಳಬಹುದು, ಸುಟ್ಟೂ ಹೋಗಬಹುದು. ಒಂದೇ ಕಂಪನಿ, ಅದೂ ಒಂದಕ್ಕೊಂದು ಹೊಂದುತ್ತದೆ ಅಂತ ಅವರ ಕೈಪಿಡಿಯಲ್ಲೇ ಬರೆದಿರುವ ಮಾಡೆಲ್ ಮಾತ್ರ.

ಸುದ್ದಿ ಒಯ್ಯುವ ವೋಲ್ಟ್ ಕಡಿಮೆ ಅಂತ ಟೆಲಿಫೋನ್ ವೈರ್, ಸ್ಪೀಕರ್ ವೈರ್ ಎಳೆಯಬಾರದು. ಅದೇ ಪೈಪ್‌ನಲ್ಲಿ ಫೇಸ್ ಇರುತ್ತದೆ. ಮೂರೂ ಒಂದೇ ದರ್ಜೆಯ ಮನೆ ವೈರಿಂಗ್ ವೈರ್ ಆಗಿರಲಿ, ಮೂರನೆಯದಕ್ಕೆ ಬೇರೆ ಬಣ್ಣ ಇರಲಿ, ಪ್ರತಿ ಬಾಕ್ಸ್‌ನಲ್ಲೂ ಅದಕ್ಕೊಂದು ಗುರುತಿನ ಚೀಟಿ ಅಂಟಿಸಿ. ಮುಟ್ಟುವಾಗ ಅದನ್ನು ಫೇಸ್ ಅಂತಲೇ ತಿಳಿದು ಮುಟ್ಟಬೇಕು. ಅದು ಅಪ್ಪಿತಪ್ಪಿ ಫೇಸ್‌ಗೆ ಸೇರಿದರೆ ಸಾಲಿನಲ್ಲಿರುವ ಅಲಾರಂಗಳೆಲ್ಲ ಹಾಳಾಗಬಹುದು.

ಆಯಾ ರೂಮಿನ ಲೈಟ್‌ನಿಂದ ಕೊಡುವ ಮಾತು ನನಗೆ ಇನ್ನೂ ಜಾಸ್ತಿ ಚಿಂತೆ ತಂದಿತು. ಕೆಳಗಿನ ರೂಮು ಒಂದು ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಇಳಿಯುವ ಸ್ವಿಚ್), ಮೇಲಿನದು ಇನ್ನೊಂದು ಅಂತಿಟ್ಟುಕೊಳ್ಳಿ. ಮೂರನೇ ವೈರ್ ಆ ಎರಡನ್ನೂ ಕಟ್ಟಿಹಾಕುತ್ತದೆ. ಒಂದು ಎಂಸಿಬಿ ಇಳಿಸಿ ಕೆಲಸಕ್ಕೆ ಕೈ ಹಾಕಿದವನಿಗೆ ಇನ್ನೊಂದರ ಕಡೆಯಿಂದ ಬಂದ ವೋಲ್ಟ್ ತಗುಲಬಹುದು. ಎರಡು ಸರ್ಕ್ಯೂಟ್‌ಗಳ ನ್ಯೂಟ್ರಲ್ ಬೇರೆಬೇರೆ ಇದ್ದರೆ ಸುದ್ದಿ ಸರಿಯಾಗಿ ಹೋಗುವುದಿಲ್ಲ, ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿಯೂ ಟ್ರಿಪ್ ಆಗಬಹುದು. ತ್ರೀ ಫೇಸ್ ಮನೆಯಾದರೆ ಎರಡು ಅಲಾರಂ ಎರಡು ಫೇಸ್‌ಗೆ ಬೀಳುವ ಅಪಾಯವೂ ಉಂಟು. ಡಿಬಿಯಿಂದ (ಎಂಸಿಬಿಗಳೆಲ್ಲ ಇರುವ ಮುಖ್ಯ ಪೆಟ್ಟಿಗೆ) ಒಂದೇ ಎಂಸಿಬಿ, ಅಲ್ಲಿಂದ ಮೂರೂ ವೈರ್ ಒಂದು ಅಲಾರಂನಿಂದ ಮುಂದಿನದಕ್ಕೆ ಸಾಗಲಿ. ನಡುವೆ ಎಲ್ಲೂ ಸ್ವಿಚ್ ಬರಬಾರದು.

ಬಾಕ್ಸ್‌ನೊಳಗೆ ಬಂದ ವೈರ್, ಹೋಗುವ ವೈರ್, ಅಲಾರಂಗೆ ಇಳಿಯುವ ತುಂಡು, ಈ ಮೂರನ್ನೂ ಕನೆಕ್ಟರ್‌ನಲ್ಲಿ ಸೇರಿಸಿ. ಆಗ ಒಂದು ಅಲಾರಂ ಕಳಚಿದರೂ ಮುಂದಿನವು ನಿಲ್ಲುವುದಿಲ್ಲ. ಇದಕ್ಕೆ ಬಾಕ್ಸ್ ಆಳವಾಗಿರಬೇಕು. ಈಗಲೇ ಹೇಳಿ ಮಾಡಿಸಿ.

ಇನ್ವರ್ಟರ್ ಲೈನ್‌ಗೆ ಕೊಡುವುದಾದರೆ ಅದು ಪ್ಯೂರ್ ಸೈನ್ ವೇವ್ ಇರಬೇಕು. ಸ್ಕ್ವೇರ್ ವೇವ್ ಇನ್ವರ್ಟರ್ ಬೇಡ ಅಂತ ಹಲವು ಕಂಪನಿಗಳ ಕೈಪಿಡಿಯಲ್ಲೇ ಎಚ್ಚರಿಕೆ ಇದೆ. ಕರೆಂಟ್ ಹೋದಾಗ ಕೆಲಸ ಮಾಡಲು ಅಲಾರಂ ಒಳಗೇ ಬ್ಯಾಟರಿ ಇರುತ್ತದೆ, ಇದ್ದೇ ತೀರಬೇಕು.

ಸದ್ದಿಲ್ಲದವ:

ಒಂದು ಮಾತು ಸೇರಿಸುತ್ತೇನೆ. ಕೊಳ್ಳುವಾಗ ಡಬ್ಬಿಯ ಮೇಲೆ ಸ್ಮೋಕ್ ಅಲಾರಂ ಅಂತ ಇದೆಯಾ ನೋಡಿ. ಸ್ಮೋಕ್ ಡಿಟೆಕ್ಟರ್ ಅಂತ ಮಾರುವ ಎಷ್ಟೋ ವಸ್ತು ಆಫೀಸು, ಹೋಟೆಲ್‌ಗಳ ಫೈರ್ ಪ್ಯಾನೆಲ್‌ಗೆ ಜೋಡಿಸುವಂಥವು. ಅವುಗಳಲ್ಲಿ ಕೂಗುವ ಭಾಗವೇ ಇರುವುದಿಲ್ಲ, ವೈರಿಂಗೂ ಪೂರ್ತಿ ಬೇರೆ.

ಗೋಡೆ ಮುಗಿದ ಮನೆಯವರಿಗೆ ರೇಡಿಯೊದಿಂದ ಒಂದಕ್ಕೊಂದು ಸೇರುವ ಅಲಾರಂ ಇವೆ. ಅವುಗಳಲ್ಲಿ ಹಲವಕ್ಕೆ 10 ವರ್ಷದ ಲಿಥಿಯಂ ಬ್ಯಾಟರಿ ಒಳಗೇ ಕೂರಿಸಿರುತ್ತಾರೆ. ಬಾಡಿಗೆ ಮನೆಯಲ್ಲಿರುವ ನಾನು ಅದನ್ನೇ ಹಾಕಿಕೊಂಡಿದ್ದೇನೆ.

ಮಹಡಿಮನೆ:

ತುಂಬಾ ಧನ್ಯವಾದ. ವೈರಿಂಗ್‌ನವರಿಗೆ ಇದನ್ನೇ ಓದಿ ಹೇಳಿದೆ, ಒಂದೇ ಎಂಸಿಬಿಗೆ ಒಪ್ಪಿದರು. ಈಗ ಎಲ್ಲೆಲ್ಲಿ ಪಾಯಿಂಟ್ ಬಿಡಿಸಲಿ? ಅಡುಗೆಮನೆಯ ಒಗ್ಗರಣೆ ಹೊಗೆಗೆ ಇಡೀ ಮನೆ ಕೂಗಿದರೆ ಕಷ್ಟ ಅಲ್ವಾ? ಅಮ್ಮನಿಗೆ ಕಿವಿ ಸ್ವಲ್ಪ ಮಂದ, ಅದೂ ಇದೆ.

ಜಂಕ್ಷನ್‌ಬಾಕ್ಸ್:

ಮಲಗುವ ಪ್ರತಿ ರೂಮಿನ ಒಳಗೆ ಒಂದು, ರೂಮುಗಳ ಹೊರಗಿನ ಓಣಿಯಲ್ಲಿ ಒಂದು, ಪ್ರತಿ ಅಂತಸ್ತಿನಲ್ಲೂ ಕನಿಷ್ಠ ಒಂದು. ಅಮೆರಿಕದ ಎನ್‌ಎಫ್‌ಪಿಎ 72 ಅನ್ನುವ ಬೆಂಕಿ ಅಲಾರಂ ನಿಯಮಾವಳಿ ಹೇಳುವುದೂ ಇದನ್ನೇ. ಹೊರಗಿನ ಓಣಿಯಲ್ಲಿ ಮಾತ್ರ ಹಾಕಿ ರೂಮು ಬಿಟ್ಟುಬಿಡುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಬಾಗಿಲು ಹಾಕಿದ ಮೇಲೆ ಹೊರಗಿನ ಸದ್ದು ಅರ್ಧವೂ ಒಳಗೆ ಬರುವುದಿಲ್ಲ. ನಿದ್ದೆಯಲ್ಲಿರುವ ಮಗುವಿನ ವಿಷಯ ಹೇಳಲೇಬೇಕಿಲ್ಲ. ರೂಮಿನೊಳಗೇ ಚಾರ್ಜರ್ ಸುಟ್ಟರೆ ಆ ಹೊಗೆ ಓಣಿಗೆ ಬರುವಷ್ಟರಲ್ಲಿ ತಡವಾಗಿರುತ್ತದೆ.

ಸೀಲಿಂಗ್‌ನಲ್ಲಿ ಇರಲಿ. ಹೊಗೆ ಮೊದಲು ಮೇಲೇರುತ್ತದೆ. ಫ್ಯಾನ್ ರೆಕ್ಕೆಯ ತುದಿಯಿಂದ ಸುಮಾರು 1 ಮೀಟರ್ ದೂರ ಬಿಡಿ, ಗಾಳಿ ಹೊಗೆಯನ್ನು ಚದುರಿಸಿಬಿಡುತ್ತದೆ. ಬಚ್ಚಲುಮನೆಯ ಬಾಗಿಲಿನಿಂದಲೂ ಅಷ್ಟೇ ದೂರ. ಹಬೆಗೂ ಇವು ಕೂಗುತ್ತವೆ.

ಅಡುಗೆಮನೆಯೊಳಗೆ ಸ್ಮೋಕ್ ಅಲಾರಂ ಹಾಕಬೇಡಿ. ಒಲೆಯಿಂದ 3 ಮೀಟರ್ ಆದರೂ ಆಚೆ ಇರಲಿ. ಒಳಗೂ ಬೇಕು ಅನ್ನಿಸಿದರೆ ಅದೇ ಕಂಪನಿಯ ಹೀಟ್ ಅಲಾರಂ ಸಿಗುತ್ತದಾ ನೋಡಿ. ಅದು ಹೊಗೆಗೆ ಕೂಗುವುದಿಲ್ಲ, ಬಿಸಿಗೆ ಕೂಗುತ್ತದೆ. ಅದೇ ಮೂರು ವೈರ್‌ಗೆ ಸೇರುತ್ತದೆ. ಮಿಕ್ಕ ಕಡೆ ಫೋಟೊಎಲೆಕ್ಟ್ರಿಕ್ ಬಗೆಯದನ್ನು (ಬೆಳಕಿನ ನೆರವಿನಿಂದ ಹೊಗೆ ಗುರುತಿಸುವಂಥದ್ದು) ತೆಗೆದುಕೊಳ್ಳಿ. ಹಾಸಿಗೆ, ಸೋಫಾ ಒಳಗೊಳಗೇ ಕನಲುವ ಹೊಗೆಯನ್ನು ಅದು ಬೇಗ ಹಿಡಿಯುತ್ತದೆ, ಒಗ್ಗರಣೆಗೆ ಸುಮ್ನೆ ಕೂಗುವುದೂ ಕಡಿಮೆ.

ಒಂದು ಸಾಲಿಗೆ ಎಷ್ಟು ಸೇರಿಸಬಹುದು ಅನ್ನುವುದಕ್ಕೂ ಮಿತಿ ಇದೆ. ಎನ್‌ಎಫ್‌ಪಿಎ 72 ಪ್ರಕಾರ ವೈರ್ ತುಂಡಾದದ್ದನ್ನು ತಾನೇ ಪತ್ತೆ ಮಾಡದ ಸಾಲಿನಲ್ಲಿ ಸ್ಮೋಕ್ ಅಲಾರಂ 12 ಮೀರಬಾರದು, ಹೀಟ್ ಅಲಾರಂ ಎಲ್ಲ ಸೇರಿ ಒಟ್ಟು 18 ಮೀರಬಾರದು. ನಿಮ್ಮ ಮನೆಗೆ ಅಷ್ಟು ಬೇಕಾಗದು.

ಹತ್ತಿರದ ಕಿವಿ:

ಅಮ್ಮನ ವಿಷಯಕ್ಕೆ ನಾನು ಹೇಳುತ್ತೇನೆ, ನಮ್ಮ ಅತ್ತೆಗೂ ಇದೇ ತೊಂದರೆ. ಸಾಮಾನ್ಯ ಅಲಾರಂ ಸುಮಾರು 3,100 ಹರ್ಟ್ಜ್‌ನ ಚೂಪು ಸದ್ದು ಮಾಡುತ್ತದೆ. ವಯಸ್ಸಾದಂತೆ ಮೊದಲು ಹೋಗುವುದೇ ಈ ಚೂಪು ಸದ್ದು ಕೇಳುವ ಶಕ್ತಿ. ಅಂಥವರಿಗೆಂದೇ 520 ಹರ್ಟ್ಜ್‌ನ ಗಡಸು ದನಿಯ ಅಲಾರಂ ಇದೆ. ನಿದ್ದೆಯಲ್ಲಿರುವವರನ್ನು ಅದು ಚೆನ್ನಾಗಿ ಎಬ್ಬಿಸುತ್ತದೆ. ದಿಂಬಿನ ಕೆಳಗಿಟ್ಟು ಅಲುಗಾಡಿಸುವ ಸಾಧನವೂ ಸಿಗುತ್ತದೆ. ಅತ್ತೆಗೆ ಆ ಅಲುಗಾಟವೇ ಹೆಚ್ಚು ಹಿಡಿಸಿತು. ನಿಮ್ಮ ಸಾಲಿಗೆ ಹೊಂದುವಂಥದ್ದನ್ನೇ ಕೇಳಿ ತೆಗೆದುಕೊಳ್ಳಿ.

ಮಹಡಿಮನೆ:

ಇದು ನನಗೆ ಗೊತ್ತೇ ಇರಲಿಲ್ಲ, ಅಮ್ಮನ ರೂಮಿಗೆ ಅದನ್ನೇ ಹುಡುಕುತ್ತೇನೆ. ಕೊನೆಯದಾಗಿ, ಕೆಲಸ ಮುಗಿದ ಮೇಲೆ ಹೇಗೆ ಪರೀಕ್ಷೆ ಮಾಡಲಿ? ಎಲ್ಲ ಒಟ್ಟಿಗೆ ಕೂಗಿದರೆ ಹೊಗೆ ಎಲ್ಲಿದೆ ಅಂತ ಹೇಗೆ ತಿಳಿಯುತ್ತದೆ?

ಜಂಕ್ಷನ್‌ಬಾಕ್ಸ್:

ಒಬ್ಬರು ಒಂದು ಅಲಾರಂನ ಟೆಸ್ಟ್ ಬಟನ್ ಒತ್ತಿ ಹಿಡಿಯಲಿ. ಮಿಕ್ಕವರು ಒಂದೊಂದು ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೇಳಲಿ. ಹೀಗೆ ಪ್ರತಿಯೊಂದರ ಬಟನ್ನೂ ಒತ್ತಿ ನೋಡಬೇಕು. ಒಂದನ್ನೇ ಒತ್ತಿ ಎಲ್ಲ ಕೂಗಿತು ಅಂತ ಬಿಟ್ಟರೆ, ಕೇಳುವುದು ಸರಿ ಇದ್ದು ಕಳಿಸುವುದು ಕೆಟ್ಟಿರುವ ಅಲಾರಂ ಗೊತ್ತಾಗುವುದೇ ಇಲ್ಲ. ಆಮೇಲೆ ಎಂಸಿಬಿ ಇಳಿಸಿ ಬ್ಯಾಟರಿಯ ಮೇಲೂ ಇದೇ ಪರೀಕ್ಷೆ ಮಾಡಿ. ಮುಂದೆ ತಿಂಗಳಿಗೊಮ್ಮೆ ಬಟನ್ ಒತ್ತಿದರೆ ಸಾಕು.

ಹಲವು ಮಾಡೆಲ್‌ಗಳಲ್ಲಿ ಮೊದಲು ಹೊಗೆ ಕಂಡ ಅಲಾರಂನ ಕೆಂಪು ದೀಪ ಮಾತ್ರ ಬೇಗಬೇಗ ಮಿನುಗುತ್ತದೆ. ಆದರೆ ರಾತ್ರಿ ಕೂಗಿದರೆ ಆ ದೀಪ ಹುಡುಕುತ್ತಾ ನಿಲ್ಲಬೇಡಿ. ಮೊದಲು ಎಲ್ಲರನ್ನೂ ಹೊರಗೆ ಕರೆದುಕೊಂಡು ಬನ್ನಿ. ಹೊಗೆಯೇ ಇಲ್ಲದೆ ಕೂಗಿತು ಅಂತ ಆಮೇಲೆ ಖಾತ್ರಿಯಾದರೆ ಆಗ ಆ ದೀಪ ಉಪಯೋಗಕ್ಕೆ ಬರುತ್ತದೆ.

ಒಂದೇ ಅಲಾರಂ ಆಗಾಗ ಚಿಕ್ಕದಾಗಿ ಚಿಕ್ ಅಂದರೆ ಅದರ ಬ್ಯಾಟರಿ ಮುಗಿಯುತ್ತಿದೆ ಅಂತ. ಇದು ಹೆಚ್ಚಾಗಿ ಬೆಳಗಿನ ಜಾವ ಶುರುವಾಗುತ್ತದೆ, ತಂಪಿಗೆ ಬ್ಯಾಟರಿಯ ವೋಲ್ಟ್ ಇಳಿಯುವುದರಿಂದ. ಕಿರಿಕಿರಿ ಅಂತ ಕಿತ್ತಿಡಬೇಡಿ, ಬ್ಯಾಟರಿ ಬದಲಿಸಿ. ಅಲಾರಂ ಹಿಂದೆ ತಯಾರಾದ ದಿನಾಂಕ ಇರುತ್ತದೆ, ಅಲ್ಲಿಂದ 10 ವರ್ಷಕ್ಕೆ ಅಲಾರಂನ್ನೇ ಬದಲಿಸಬೇಕು.

ಇನ್ನೊಂದು, ನಿಮ್ಮ ಮನೆ ಈಗಿರುವ ಹಂತಕ್ಕೆ ಇದು ಮುಖ್ಯ. ಈಗ ಬಾಕ್ಸ್ ಕೂರಿಸಿ, ವೈರ್ ಎಳೆದು, ತುದಿಗೆ ಕನೆಕ್ಟರ್ ಹಾಕಿ ಮುಚ್ಚಿಸಿಡಿ. ಅಲಾರಂ ಮಾತ್ರ ಪ್ಲಾಸ್ಟರ್, ಉಜ್ಜುವುದು, ಬಣ್ಣ ಎಲ್ಲ ಮುಗಿದು ಮನೆ ಗುಡಿಸಿ ಒರೆಸಿದ ಮೇಲೆ ಹಾಕಿಸಿ. ಗೋಡೆ ಉಜ್ಜಿದ ಪುಡಿ ಸೆನ್ಸರ್ ಒಳಗೆ ಕೂತರೆ ಹೊಸ ಅಲಾರಂ ಕೂಡ ಸುಮ್ಸುಮ್ನೆ ಕೂಗತೊಡಗುತ್ತದೆ. ಅಲ್ಲಿಯವರೆಗೆ ಅವು ಡಬ್ಬಿಯಲ್ಲೇ ಇರಲಿ.