ಸಹಾಯ ಬೇಕು: ರೈಟ್ ಕ್ಲಿಕ್ ಮೆನುವಿನಲ್ಲಿ ಕಮಾಂಡ್ ಮಂಕಾಗಿಯೇ ಇದೆ

ಎಲ್ಲರಿಗೂ ನಮಸ್ಕಾರ. ಬ್ಯಾಡಗಿಯಲ್ಲಿ ನಮ್ಮ ಕಾಕಾನ ಮೆಣಸಿನಕಾಯಿ ದಲಾಲಿ ಅಂಗಡಿ ಇದೆ. ಅದಕ್ಕೊಂದು ಬಿಲ್ಲಿಂಗ್ ಪ್ರೋಗ್ರಾಂ ಬರೆಯುತ್ತಿದ್ದೇನೆ, ಡಬ್ಲ್ಯೂಪಿಎಫ್‌ನಲ್ಲಿ (ವಿಂಡೋಸ್ ಪ್ರೋಗ್ರಾಂಗಳ ಪರದೆ ಕಟ್ಟುವ ಮೈಕ್ರೋಸಾಫ್ಟ್ ಸಾಧನ). 2006ರ ಹಳೇ ಸರಕು ಅಂತ ನಗಬೇಡಿ, ಕಾಕಾನ ಕಂಪ್ಯೂಟರ್‌ಗೆ ಇದೇ ಸಾಕು.

'ಸಾಲು ಅಳಿಸು' ಅಂತ ಒಂದು ರೂಟೆಡ್ ಕಮಾಂಡ್ ಮಾಡಿದ್ದೇನೆ, ಅಂದರೆ ಒತ್ತಿದ ಜಾಗದಿಂದ ಹಂತಹಂತವಾಗಿ ಮೇಲೇರಿ ತನ್ನ ಹ್ಯಾಂಡ್ಲರ್ (ಕೆಲಸ ಮಾಡುವ ಕೋಡ್) ಹುಡುಕುವ ಕಮಾಂಡ್. ವಿಂಡೋದ ಕಮಾಂಡ್‌ಬೈಂಡಿಂಗ್ಸ್ (ಕಮಾಂಡ್-ಹ್ಯಾಂಡ್ಲರ್ ಜೋಡಣೆಯ ಪಟ್ಟಿ) ಒಳಗೆ ಎಕ್ಸಿಕ್ಯೂಟೆಡ್ (ಕೆಲಸ ನಡೆಸುವುದು), ಕ್ಯಾನ್‌ಎಕ್ಸಿಕ್ಯೂಟ್ (ಈಗ ಒತ್ತಬಹುದೇ ಅಂತ ಹೇಳುವುದು) ಎರಡಕ್ಕೂ ಹ್ಯಾಂಡ್ಲರ್ ಕೊಟ್ಟಿದ್ದೇನೆ. ಟೂಲ್‌ಬಾರ್ ಬಟನ್ ಒತ್ತಿದರೆ ಡಬ್ಬಿ ತಳಿಯ ಮೆಣಸಿನಕಾಯಿಯ ಸಾಲು ಸರಿಯಾಗಿ ಅಳಿಸುತ್ತದೆ. ಅದೇ ಕಮಾಂಡನ್ನು ಕಾಂಟೆಕ್ಸ್ಟ್ ಮೆನುವಿಗೆ (ರೈಟ್ ಕ್ಲಿಕ್ ಮೆನು) ಹಾಕಿದರೆ, ಪ್ರೋಗ್ರಾಂ ತೆರೆದ ಕೂಡಲೇ ಮಂಕಾಗಿ ಕೂತಿರುತ್ತದೆ. ಯಾವುದಾದರೂ ಟೆಕ್ಸ್ಟ್‌ಬಾಕ್ಸ್ ಮೇಲೆ ಒಮ್ಮೆ ಕ್ಲಿಕ್ ಮಾಡಿ ಬಂದರೆ ಎಚ್ಚರವಾಗುತ್ತದೆ! ಟೂಲ್‌ಬಾರ್ ಬಟನ್ ತೆಗೆದು, ಕ್ಯಾನ್‌ಎಕ್ಸಿಕ್ಯೂಟ್‌ನಲ್ಲಿ ಬ್ರೇಕ್‌ಪಾಯಿಂಟ್ (ಕೋಡ್ ಅಲ್ಲಿಗೆ ಬಂದಾಗ ನಿಲ್ಲಿಸುವ ಗುರುತು) ಇಟ್ಟು ನೋಡಿದೆ. ಮೊದಲ ಸಲ ಮೆನು ತೆರೆದಾಗ ಅಲ್ಲಿಗೆ ಬರುವುದೇ ಇಲ್ಲ. "ತಮ್ಮಾ, ಒತ್ತಿದ್ರ ಏನೂ ಆಗವಲ್ದಲ್ಲೋ" ಅಂತ ಕಾಕಾ ದಿನಾ ಕೇಳುತ್ತಾನೆ.

ನನಗೆ ಅನಿಸಿದ್ದು: ಮೆನು ಬೇರೆ ಪಾಪ್ಅಪ್‌ನಲ್ಲಿ ತೆರೆಯುವುದರಿಂದ ಕಮಾಂಡ್ ಮೇಲೇರಿ ವಿಂಡೋ ತನಕ ಹೋಗುತ್ತಿಲ್ಲ. ವಿಂಡೋದಲ್ಲಿ ಫೋಕಸ್ ಇರುವ (ಕೀಬೋರ್ಡ್‌ಗೆ ಸ್ಪಂದಿಸುತ್ತಿರುವ) ಕಂಟ್ರೋಲ್ ಇದ್ದರೆ ಮಾತ್ರ ಅದರ ಮೂಲಕ ದಾರಿ ಸಿಗುತ್ತದೆ, ಅಲ್ವಾ? ಒಂದು ಐಟಂನ ಕಮಾಂಡ್‌ಟಾರ್ಗೆಟ್‌ಗೆ (ಕಮಾಂಡ್ ಎಲ್ಲಿಂದ ಹೊರಡಬೇಕು ಅನ್ನುವುದು) ಮೆನುವಿನ ಪ್ಲೇಸ್‌ಮೆಂಟ್‌ಟಾರ್ಗೆಟ್ (ರೈಟ್ ಕ್ಲಿಕ್ ಮಾಡಿದ ಕಂಟ್ರೋಲ್) ಬೈಂಡ್ ಮಾಡಿದೆ. ಅದು ಸರಿಹೋಯಿತು.

ಆದರೆ ಒಟ್ಟು 14 ಐಟಂ ಇವೆ. ಎಲ್ಲಕ್ಕೂ ಅದೇ ಉದ್ದನೆಯ ಸಾಲು ಬರೆಯಬೇಕಾ? ಮೆನುಐಟಂ ಸ್ಟೈಲ್‌ನಲ್ಲಿ (ಎಲ್ಲ ಐಟಂಗೂ ಅನ್ವಯಿಸುವ ಸೆಟ್ಟಿಂಗ್) ಒಂದೇ ಕಡೆ ಹಾಕಿದರೆ ನಡೆಯುತ್ತದಾ? ಅಥವಾ ವಿಂಡೋ ಲೋಡ್ ಆದಾಗ ಸುಮ್ನೆ ಗ್ರಿಡ್‌ಗೆ ಫೋಕಸ್ ಕೊಟ್ಟುಬಿಡಲಾ? ಎರಡನೆಯದು ತೇಪೆ ಹಚ್ಚಿದ ಹಾಗೆ ಕಾಣುತ್ತದೆ, ಮನಸ್ಸು ಒಪ್ಪುತ್ತಿಲ್ಲ. ಮಾಡಿ ನೋಡಿದವರು ಯಾರಾದರೂ ಇದ್ದರೆ ಹೇಳಿ. ಮಾರುಕಟ್ಟೆಯ ಮುಂದಿನ ಟೆಂಡರ್ ದಿನದೊಳಗೆ ಕಾಕಾನಿಗೆ ಕೊಡಬೇಕು.