ಫಾರ್ಮ್ ಮುಚ್ಚಿದರೆ ಹ್ಯಾಂಗ್, ಮತ್ತೆ ತೆರೆದರೆ ಕಾಮ್3 ಸಿಗುವುದಿಲ್ಲ. ತಲೆ ಕೆಟ್ಟಿದೆ, ಯಾರಾದರೂ ಹೇಳಿ

ಡಬ್ಬಿ_ಕಡ್ಡಿ (ಹಾವೇರಿ)

ನಮಸ್ಕಾರ ಎಲ್ಲರಿಗೂ. ಬ್ಯಾಡಗಿಯಲ್ಲಿ ಒಬ್ಬ ದಲಾಲರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ತಕರಾರೂ ಇಲ್ಲ. ಅಂಗಡಿಯ ಕಂಪ್ಯೂಟರಿನಲ್ಲಿ ಮಾತ್ರ ಕ್ಲೋಸ್ ಒತ್ತಿದ ಕೂಡಲೇ ವಿಂಡೋ ಬೆಳ್ಳಗಾಗಿ ನಾಟ್ ರೆಸ್ಪಾಂಡಿಂಗ್ ಅಂತ ನಿಂತುಬಿಡುತ್ತದೆ. ಟಾಸ್ಕ್ ಮ್ಯಾನೇಜರಿಗೆ ಹೋಗಿ ಕೊಲ್ಲಬೇಕು. ಕೊಲ್ಲದೆ ಮತ್ತೆ ತೆರೆದರೆ ಕಾಮ್3 (ಸೀರಿಯಲ್ ಪೋರ್ಟ್) ಆಕ್ಸೆಸ್ ಡಿನೈಡ್ ಅಂತ ಎರರ್ ಬರುತ್ತದೆ. ಇವು ಎರಡು ಬೇರೆ ಬೇರೆ ಸಮಸ್ಯೆ, ಎರಡಕ್ಕೂ ಪರಿಹಾರ ಬೇಕು. ಆ್ಯಂಟಿವೈರಸ್ ಬಂದ್ ಮಾಡಿ ನೋಡಿದೆ, ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಮಾಡಿದೆ, ವಿಂಡೋಸ್ ಕೂಡ ಹೊಸದಾಗಿ ಹಾಕಿದೆ. ಸೋಮವಾರದ ಮಾರ್ಕೆಟ್ಟಿಗೆ ಮುಂಚೆ ಸರಿ ಆಗದಿದ್ದರೆ ದಲಾಲರು ಹಣ ಕೊಡುವುದಿಲ್ಲ ಅಂದಿದ್ದಾರೆ. ಬೇಗ ಹೇಳಿ.

ವಿದ್ಯಾನಗರ_ಯುಎಸ್‌ಬಿ (ಹುಬ್ಬಳ್ಳಿ)

ಕೇಬಲ್. ನೂರಕ್ಕೆ ನೂರು ಕೇಬಲ್. ಯುಎಸ್‌ಬಿಯಿಂದ ಸೀರಿಯಲ್ ಮಾಡುವ ಅಗ್ಗದ ಕನ್ವರ್ಟರ್ ತಂದಿರುತ್ತೀರಿ, ಒಳಗೆ ನಕಲಿ ಚಿಪ್ ಇರುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನ ಇದೆಯಾ? ಕೋಡ್ 10 ಬರುತ್ತಾ? ಹೊಸ ಡ್ರೈವರ್ ತೆಗೆದು ಹಳೆಯದನ್ನು ಹಾಕಿ.

ಡಬ್ಬಿ_ಕಡ್ಡಿ

ಹಳದಿ ಏನೂ ಇಲ್ಲ ಅಣ್ಣಾ. ತೂಕ ಸರಿಯಾಗಿ ಬರುತ್ತದೆ. ಮುಚ್ಚುವಾಗ ಮಾತ್ರ ಗೋಳು.

ಕೆಲಗೇರಿ_ಕೋಡ್ (ಧಾರವಾಡ)

ಯಾವ ತೂಕ? ಬಿಲ್ಲಿಂಗ್ ಅಂದಿರಿ, ಕಾಟಾ ಜೋಡಿಸಿದ್ದೀರಿ ಅಂತ ಈಗ ಗೊತ್ತಾಗುತ್ತಿದೆ. ಯಾವ ಭಾಷೆ, ಯಾವ ಡಾಟ್‌ನೆಟ್, ಪೋರ್ಟ್ ಓದುವ ಕೋಡ್ ಹೇಗಿದೆ, ಯಾವುದನ್ನೂ ಬರೆದಿಲ್ಲ. ನಾವೇನು ಕಣಿ ಹೇಳಬೇಕಾ?

ಡಬ್ಬಿ_ಕಡ್ಡಿ

ಕಾಮ್3 ಅಂದ ಮೇಲೆ ಕಾಟಾನೇ ಅಲ್ವಾ ಸರ್, ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿ ಬೇರೆ ಏನನ್ನು ಜೋಡಿಸುತ್ತಾರೆ? ಸಿ ಶಾರ್ಪ್, ವಿನ್‌ಫಾರ್ಮ್ಸ್, ಡಾಟ್‌ನೆಟ್ 4.8. ಡೇಟಾಬೇಸ್ ಆ್ಯಕ್ಸೆಸ್, ಹಳೆಯ ಎಂಡಿಬಿ ಫೈಲು.

ಹಳೇ_ವಿಬಿ (ಹುಬ್ಬಳ್ಳಿ)

ಆ್ಯಕ್ಸೆಸ್ ಅಂದ ಕೂಡಲೇ ನನಗೆ ತಿಳಿಯಿತು. ತಮ್ಮಾ, ಎಂಡಿಬಿ ಓದುವ ಜೆಟ್ 4.0 ಪ್ರೊವೈಡರ್ 32 ಬಿಟ್ ಮಾತ್ರ ಇರುವುದು, 64 ಬಿಟ್ಟಿನದು ಹುಟ್ಟಲೇ ಇಲ್ಲ. ಪ್ರಾಜೆಕ್ಟನ್ನು ಎನಿ ಸಿಪಿಯು ಅಂತ ಬಿಟ್ಟರೆ 64 ಬಿಟ್ ವಿಂಡೋಸಿನಲ್ಲಿ ಪ್ರೊವೈಡರ್ ರಿಜಿಸ್ಟರ್ ಆಗಿಲ್ಲ ಅಂತ ಬರುತ್ತದೆ. ಎಕ್ಸ್86, ಅಂದರೆ 32 ಬಿಟ್, ಮಾಡಿ ಬಿಲ್ಡ್ ಮಾಡು, ಮುಗೀತು.

ಡಬ್ಬಿ_ಕಡ್ಡಿ

ಮೊದಲಿನಿಂದಲೂ ಎಕ್ಸ್86ನಲ್ಲೇ ಇದೆ ಕಾಕಾ. ಆ ಎರರ್ ನನಗೆ ಬರುತ್ತಿಲ್ಲ.

ಹಳೇ_ವಿಬಿ

ಆದರೂ ಒಮ್ಮೆ ನೋಡು.

ವಿದ್ಯಾನಗರ_ಯುಎಸ್‌ಬಿ

ಕೇಬಲ್ ಬದಲಿಸಿದಿರಾ? ಪವರ್ ಮ್ಯಾನೇಜ್‌ಮೆಂಟಿನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿದಿರಾ? ಕೊಪ್ಪಿಕರ್ ರಸ್ತೆ ಕಡೆ ಬಂದಾಗ ಒಂದು ಒಳ್ಳೆಯ ಕನ್ವರ್ಟರ್ ತಗೊಳ್ಳಿ. ಇನ್ನೂ ಒಂದು, ಕೇಬಲನ್ನು ಬೇರೆ ಯುಎಸ್‌ಬಿ ಕಿಂಡಿಗೆ ಚುಚ್ಚಿದರೆ ಪೋರ್ಟ್ ನಂಬರೇ ಬದಲಾಗಬಹುದು, ಕೋಡಿನಲ್ಲಿ ಕಾಮ್3 ಅಂತ ಗಟ್ಟಿಯಾಗಿ ಬರೆದಿದ್ದರೆ ಸತ್ತಿರಿ. ನಮ್ಮ ಆಫೀಸಿನಲ್ಲಿ ಪಿಸಿಐ ಸೀರಿಯಲ್ ಕಾರ್ಡೇ ಹಾಕಿದ್ದೇವೆ, ಕಾಟಾ, ಬಾರ್‌ಕೋಡ್, ಕಂಬದ ಡಿಸ್‌ಪ್ಲೇ ಎಲ್ಲಾ ಅದಕ್ಕೇ. ಮಷಿನ್ ಕೂಡ 32 ಜಿಬಿ ರ‍್ಯಾಮ್, ಎರಡು ಮಾನಿಟರ್. ಒಂದು ದಿನವೂ ಹ್ಯಾಂಗ್ ಆಗಿಲ್ಲ.

ಕೆಲಗೇರಿ_ಕೋಡ್

ನಿಮ್ಮ ರ‍್ಯಾಮ್ ಇಲ್ಲಿ ಯಾಕೆ ಬಂತು? ಕೇಬಲ್ ಕೆಟ್ಟಿದ್ದರೆ ತೂಕವೇ ಬರಬಾರದು. ಬರುತ್ತಿದೆ ಅಂತ ಅವರೇ ಹೇಳಿದ್ದಾರೆ.

ಡಬ್ಬಿ_ಕಡ್ಡಿಯವರೇ, ಒಂದೇ ಪ್ರಶ್ನೆ. ಕಾಟಾ ಬಂದ್ ಮಾಡಿ, ಆಮೇಲೆ ಸಾಫ್ಟ್‌ವೇರ್ ಮುಚ್ಚಿದರೆ ಏನಾಗುತ್ತದೆ? ಮತ್ತೆ, ಮನೆಯಲ್ಲಿ ಕಾಟಾ ಇಲ್ಲದೆ ಹೇಗೆ ಟೆಸ್ಟ್ ಮಾಡಿದಿರಿ?

ಡಬ್ಬಿ_ಕಡ್ಡಿ

ದಲಾಲರಿಗೆ ಫೋನ್ ಮಾಡಿ ಕೇಳಿದೆ. ರಾತ್ರಿ ಕಾಟಾ ಬಂದ್ ಮಾಡಿದ ಮೇಲೆ ಮುಚ್ಚಿದರೆ ಚೆನ್ನಾಗಿಯೇ ಮುಚ್ಚುತ್ತದಂತೆ. ಮನೆಯಲ್ಲಿ ಕಾಮ್0ಕಾಮ್ ಹಾಕಿ ಎರಡು ಸುಳ್ಳು ಪೋರ್ಟ್ ಮಾಡಿದ್ದೇನೆ, ಒಂದು ಕಡೆ ಬಟನ್ ಒತ್ತಿದರೆ ಇನ್ನೊಂದು ಕಡೆ ತೂಕ ಹೋಗುತ್ತದೆ. ಕೋಡಿನ ಫೋಟೋ ಹಾಕಿದ್ದೇನೆ ನೋಡಿ, ಮೊಬೈಲಿನಲ್ಲಿ ತೆಗೆದದ್ದು, ಸ್ವಲ್ಪ ಮಸುಕು.

ಕೆಲಗೇರಿ_ಕೋಡ್

ಮಸುಕಾದರೂ ಸಾಕು, ಕಾಣುತ್ತಿದೆ. ಪೋರ್ಟಿಗೆ ಡೇಟಾ ಬಂದಾಗ ಓಡುವ ಡೇಟಾರಿಸೀವ್ಡ್ ಈವೆಂಟಿನ ಒಳಗೆ ರೀಡ್‌ಎಕ್ಸಿಸ್ಟಿಂಗ್ ಮಾಡಿ, ಲೇಬಲ್ ಬದಲಿಸಲು ದಿಸ್ ಡಾಟ್ ಇನ್ವೋಕ್ ಕರೆದಿದ್ದೀರಿ. ಫಾರ್ಮ್‌ಕ್ಲೋಸಿಂಗಿನಲ್ಲಿ ಪೋರ್ಟನ್ನು ಕ್ಲೋಸ್ ಮಾಡಿದ್ದೀರಿ. ರೋಗ ಅಲ್ಲೇ ಇದೆ.

ಥ್ರೆಡ್ ಅಂದರೆ ಒಂದು ಪ್ರೋಗ್ರಾಮಿನ ಒಳಗೆ ಜೊತೆಜೊತೆಗೆ ಓಡುವ ಕೆಲಸದ ಎಳೆ. ಡೇಟಾರಿಸೀವ್ಡ್ ನಡೆಯುವುದು ಫಾರ್ಮಿನ ಥ್ರೆಡ್ಡಿನಲ್ಲಿ ಅಲ್ಲ, ಬೇರೆ ಥ್ರೆಡ್ಡಿನಲ್ಲಿ. ಅದು ಇನ್ವೋಕ್ ಕರೆದರೆ ಫಾರ್ಮಿನ ಥ್ರೆಡ್ ಬಿಡುವಾಗಿ ಆ ಕೆಲಸ ಮುಗಿಸುವ ತನಕ ನಿಂತು ಕಾಯುತ್ತದೆ. ಅದೇ ಗಳಿಗೆಯಲ್ಲಿ ನೀವು ಕ್ಲೋಸ್ ಒತ್ತುತ್ತೀರಿ. ಫಾರ್ಮಿನ ಥ್ರೆಡ್ ಪೋರ್ಟ್ ಕ್ಲೋಸಿನ ಒಳಗೆ ಹೋಗಿ, ಓಡುತ್ತಿರುವ ಡೇಟಾರಿಸೀವ್ಡ್ ಮುಗಿಯಲಿ ಅಂತ ಕಾಯುತ್ತದೆ. ಚೀಲ ಇಳಿಯಲಿ ಅಂತ ಸಾಹುಕಾರ, ಸಾಹುಕಾರ ಹೇಳಲಿ ಅಂತ ಹಮಾಲ, ಇಬ್ಬರೂ ಹಾಗೇ ನಿಂತರೆ ಲಾರಿ ಖಾಲಿ ಆಗುತ್ತದಾ? ಡೆಡ್‌ಲಾಕ್ ಅಂದರೆ ಇದೇ.

ನಿಮ್ಮ ಎರಡನೇ ಸಮಸ್ಯೆ ಬೇರೆ ಅಲ್ಲ. ಹಳೆಯ ಪ್ರೋಸೆಸ್ ಸಾಯದೆ ಕಾಮ್3 ಹಿಡಿದುಕೊಂಡು ಕೂತಿದೆ. ಸೀರಿಯಲ್ ಪೋರ್ಟನ್ನು ಒಂದು ಸಲಕ್ಕೆ ಒಂದೇ ಪ್ರೋಗ್ರಾಮ್ ತೆರೆಯಬಹುದು, ಅದಕ್ಕೇ ಆಕ್ಸೆಸ್ ಡಿನೈಡ್. ಅಡ್ಮಿನಿಸ್ಟ್ರೇಟರಿಗೂ ಇದಕ್ಕೂ ಸಂಬಂಧವೇ ಇಲ್ಲ, ವಿಂಡೋಸ್ ಸುಮ್ನೆ ಮತ್ತೆ ಹಾಕಿದಿರಿ.

ಮನೆಯಲ್ಲಿ ಯಾಕೆ ಆಗಲಿಲ್ಲ ಅಂದರೆ ಅಲ್ಲಿ ಬಟನ್ ಒತ್ತಿದಾಗ ಮಾತ್ರ ಡೇಟಾ. ಅಂಗಡಿಯ ಕಾಟಾ ಕಂಟಿನ್ಯುಯಸ್ ಮೋಡಿನಲ್ಲಿ ಇರಬೇಕು, ಚೀಲ ಇರಲಿ ಬಿಡಲಿ, ಒಂದೇ ಸಮನೆ ತೂಕ ಕಳಿಸುತ್ತಿರುತ್ತದೆ. ನೀವು ಯಾವಾಗ ಮುಚ್ಚಿದರೂ ಒಂದು ಡೇಟಾರಿಸೀವ್ಡ್ ಓಡುತ್ತಿರುವ ಸಂಭವ ಜಾಸ್ತಿ.

ಹಳೇ_ವಿಬಿ

ವಿಬಿ6ನಲ್ಲಿ (ವಿಷುಯಲ್ ಬೇಸಿಕ್ 6) ಸೀರಿಯಲ್ ಪೋರ್ಟಿನ ಎಂಎಸ್‌ಕಾಮ್ ಕಂಟ್ರೋಲ್ ಎಳೆದು ಫಾರ್ಮಿಗೆ ಹಾಕಿದರೆ ಆಯ್ತು, ಆನ್‌ಕಾಮ್ ಈವೆಂಟಿನಲ್ಲಿ ಲೇಬಲ್ ನೇರ ಬದಲಿಸಬಹುದಿತ್ತು. ಇನ್ವೋಕ್ ಗಿನ್ವೋಕ್ ಯಾವುದೂ ಇರಲಿಲ್ಲ. ನಾನು ಹಾಕಿಕೊಟ್ಟ ವೇಬ್ರಿಡ್ಜ್ ಪ್ರೋಗ್ರಾಮ್ ಇವತ್ತಿಗೂ ಓಡುತ್ತಿದೆ. ಹೊಸದು ಹೊಸದು ಅಂತ ಎಲ್ಲಾ ಕೆಡಿಸಿ ಇಟ್ಟಿದ್ದಾರೆ.

ಕೆಲಗೇರಿ_ಕೋಡ್

ಹೌದು ಕಾಕಾ, ಆನ್‌ಕಾಮ್ ಫಾರ್ಮಿನ ಥ್ರೆಡ್ಡಿನಲ್ಲೇ ಬರುತ್ತಿತ್ತು, ಅದಕ್ಕೇ ಈ ಗೋಳು ಇರಲಿಲ್ಲ. ಆದರೆ ವಿಬಿ6 ಬಂದದ್ದು 1998ರಲ್ಲಿ, ಅದರ ಐಡಿಇಗೆ (ಕೋಡ್ ಬರೆಯುವ ಸಾಧನಕ್ಕೆ) ಮೈಕ್ರೋಸಾಫ್ಟ್ ಬೆಂಬಲ 2008ಕ್ಕೇ ಮುಗಿದಿದೆ. ಹೊಸ ಮಷಿನ್ನಿನಲ್ಲಿ ಎಂಎಸ್‌ಕಾಮ್32 ಓಸಿಎಕ್ಸ್ ಫೈಲು ಹುಡುಕಿ, ರಿಜಿಸ್ಟರ್ ಮಾಡಿ ಕೂರಲು ಈ ಹುಡುಗನಿಗೆ ಪುರುಸೊತ್ತು ಎಲ್ಲಿದೆ?

ಹಳೇ_ವಿಬಿ

ರಿಜಿಸ್ಟರ್ ಮಾಡಲು ಎಷ್ಟು ಹೊತ್ತು ಬೇಕು? ರೆಗ್‌ಎಸ್‌ವಿಆರ್32, ಒಂದು ಸಾಲು.

ವಿದ್ಯಾನಗರ_ಯುಎಸ್‌ಬಿ

ಸರಿ, ಡೆಡ್‌ಲಾಕ್ ಅನ್ನಿ. ಒಂದೇ ಸಾಲಿನ ಔಷಧ ನನ್ನ ಹತ್ತಿರ ಇದೆ. ಫಾರ್ಮ್‌ಕ್ಲೋಸಿಂಗಿನಲ್ಲಿ ಎನ್ವಿರಾನ್‌ಮೆಂಟ್ ಡಾಟ್ ಎಕ್ಸಿಟ್ ಸೊನ್ನೆ ಅಂತ ಹಾಕಿ. ಪ್ರೋಸೆಸ್ಸೇ ಹೋಗುತ್ತದೆ, ಪೋರ್ಟೂ ಬಿಡುತ್ತದೆ.

ಕೆಲಗೇರಿ_ಕೋಡ್

ದಯವಿಟ್ಟು ಅದನ್ನು ಮಾಡಬೇಡಿ. ಆ್ಯಕ್ಸೆಸ್ ಫೈಲಿಗೆ ಬಿಲ್ ಬರೆಯುತ್ತಿರುವ ಹೊತ್ತಿಗೆ ಪ್ರೋಸೆಸ್ ಕತ್ತರಿಸಿದರೆ ಪಕ್ಕದಲ್ಲಿ ಎಲ್‌ಡಿಬಿ ಲಾಕ್ ಫೈಲು ಉಳಿಯುತ್ತದೆ, ಕೆಲವೊಮ್ಮೆ ಎಂಡಿಬಿಯೇ ಕೆಟ್ಟು ರಿಪೇರಿ ಕೇಳುತ್ತದೆ. ರೈತರ ಪಟ್ಟಿ, ಅಂದರೆ ಲೆಕ್ಕದ ಚೀಟಿ, ಹೋದರೆ ಯಾರು ಉತ್ತರ ಕೊಡುತ್ತಾರೆ?

ನಾನು ಹೇಳುವುದು ಇಷ್ಟು. ಮೊದಲು ಇನ್ವೋಕ್ ತೆಗೆದು ಬಿಗಿನ್‌ಇನ್ವೋಕ್ ಹಾಕಿ. ಅದು ಕೆಲಸ ಸರದಿಗೆ ಹಾಕಿ ವಾಪಸ್ ಬರುತ್ತದೆ, ಕಾಯುವುದಿಲ್ಲ. ಫಾರ್ಮ್‌ಕ್ಲೋಸಿಂಗಿನಲ್ಲಿ ಡೇಟಾರಿಸೀವ್ಡ್ ಹ್ಯಾಂಡ್ಲರನ್ನು ಮೈನಸ್ ಈಕ್ವಲ್ ಹಾಕಿ ಬಿಡಿಸಿ, ಆಮೇಲೆ ಕ್ಲೋಸ್ ಮಾಡಿ. ಹ್ಯಾಂಡ್ಲರ್ ಒಳಗೆ ಬಿಗಿನ್‌ಇನ್ವೋಕಿಗೆ ಮುಂಚೆ ಈಸ್‌ಹ್ಯಾಂಡಲ್‌ಕ್ರಿಯೇಟೆಡ್ ಮತ್ತು ಈಸ್‌ಡಿಸ್ಪೋಸ್ಡ್ ನೋಡಿ, ಇಲ್ಲವಾದರೆ ಮುಚ್ಚಿದ ಮೇಲೆ ಬಂದ ಕೊನೆಯ ಡೇಟಾ ಬೇರೆ ಎಕ್ಸೆಪ್ಷನ್ ಎಬ್ಬಿಸುತ್ತದೆ.

ಆದರೆ ನನ್ನನ್ನು ಕೇಳಿದರೆ ಕಾಟಾಕ್ಕೆ ಇದೂ ಬೇಡ. ಕಂಟಿನ್ಯುಯಸ್ ಮೋಡಿನಲ್ಲಿ ಪ್ರತಿ ತುಣುಕಿಗೂ ಬಿಗಿನ್‌ಇನ್ವೋಕ್ ಕರೆದರೆ ಸರದಿ ಉದ್ದವಾಗುತ್ತಾ ಹೋಗುತ್ತದೆ, ಹಳೆಯ ಕಂಪ್ಯೂಟರಿನಲ್ಲಿ ಪರದೆಯ ತೂಕ ಹಿಂದೆ ಬೀಳುತ್ತದೆ. ಹ್ಯಾಂಡ್ಲರ್ ಕೊನೆಯ ತೂಕವನ್ನು ಒಂದು ವೇರಿಯೇಬಲ್ಲಿಗೆ ಲಾಕ್ ಹಾಕಿ ಬರೆದು ಸುಮ್ಮನಾಗಲಿ. ಫಾರ್ಮಿನಲ್ಲಿ ವಿನ್‌ಫಾರ್ಮ್ಸ್ ಟೈಮರ್ ಒಂದು ಇಡಿ, ಇಂಟರ್ವಲ್ 200 ಮಿಲಿಸೆಕೆಂಡ್. ಆ ಟೈಮರ್ ಫಾರ್ಮಿನ ಥ್ರೆಡ್ಡಿನಲ್ಲೇ ಬರುವುದರಿಂದ ಲೇಬಲನ್ನು ನೇರ ಬದಲಿಸಬಹುದು. ಆಗ ಇನ್ವೋಕಿನ ಮಾತೇ ಇಲ್ಲ.

ವಿದ್ಯಾನಗರ_ಯುಎಸ್‌ಬಿ

ಇದನ್ನೆಲ್ಲಾ ಊಹೆಯಲ್ಲಿ ಹೇಳುತ್ತಿದ್ದೀರಿ. ಡೆಡ್‌ಲಾಕೇ ಅಂತ ಸಾಬೀತು ಎಲ್ಲಿದೆ? ಕೇಬಲ್ ಬದಲಿಸಿ ನೋಡಲು ಏನು ತೊಂದರೆ?

ಕೆಲಗೇರಿ_ಕೋಡ್

ಸಾಬೀತು ಬೇಕಾದರೆ ಹ್ಯಾಂಗ್ ಆದಾಗ ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೋಸೆಸ್ ಮೇಲೆ ರೈಟ್ ಕ್ಲಿಕ್ ಮಾಡಿ ಡಂಪ್ ಫೈಲ್ (ಆ ಕ್ಷಣದ ಪ್ರೋಸೆಸ್ಸಿನ ಪ್ರತಿ) ತೆಗೆಯಿರಿ. ಪ್ರೋಗ್ರಾಮ್ ಎಕ್ಸ್86 ಇರುವುದರಿಂದ ಮಾಮೂಲಿ ಟಾಸ್ಕ್ ಮ್ಯಾನೇಜರ್ ಬೇಡ, ವಿಂಡೋಸ್ ಫೋಲ್ಡರಿನ ಸಿಸ್‌ವೌ64 ಒಳಗಿರುವ 32 ಬಿಟ್ಟಿನ ಟಾಸ್ಕ್‌ಎಂಜಿಆರ್ ತೆರೆದು ಅಲ್ಲಿಂದ ತೆಗೆಯಿರಿ, ಇಲ್ಲವಾದರೆ ಡಂಪ್ ಸರಿಯಾಗಿ ಓದಲು ಬರುವುದಿಲ್ಲ. ಪೆನ್‌ಡ್ರೈವಿನಲ್ಲಿ ತಂದು ವಿಷುಯಲ್ ಸ್ಟುಡಿಯೋದಲ್ಲಿ ತೆರೆದು ಥ್ರೆಡ್ಸ್ ವಿಂಡೋ ನೋಡಿ. ಮೇನ್ ಥ್ರೆಡ್ಡಿನ ಕಾಲ್ ಸ್ಟ್ಯಾಕಿನಲ್ಲಿ ಸೀರಿಯಲ್‌ಪೋರ್ಟ್ ಕ್ಲೋಸ್, ಇನ್ನೊಂದರಲ್ಲಿ ಕಂಟ್ರೋಲ್ ಇನ್ವೋಕ್ ಕಂಡರೆ ಕೇಬಲ್ ಮಾತು ಬಿಡುತ್ತೀರಾ?

ವಿದ್ಯಾನಗರ_ಯುಎಸ್‌ಬಿ

ನೋಡೋಣ.

ಡಬ್ಬಿ_ಕಡ್ಡಿ

ಸರ್, ಡಂಪ್ ತೆಗೆಯಲಿಲ್ಲ, ಅಷ್ಟು ಹೊತ್ತು ಇರಲಿಲ್ಲ. ಟೈಮರ್ ಪದ್ಧತಿ ಹಾಕಿ ಹ್ಯಾಂಡ್ಲರ್ ಬಿಡಿಸಿ ಕ್ಲೋಸ್ ಮಾಡಿದೆ. ಕಾಟಾ ಚಾಲೂ ಇಟ್ಟೇ ಮುಚ್ಚಿದೆ, ತೆರೆದೆ, ಮತ್ತೆ ಮುಚ್ಚಿದೆ. ಹ್ಯಾಂಗ್ ಇಲ್ಲ, ಕಾಮ್3 ಕೂಡ ಸಿಗುತ್ತಿದೆ. ಅದೇ ಹಳೆಯ ಕೇಬಲ್.

ಈಗ ಬೇರೆಯದೇ ಶುರುವಾಗಿದೆ. ಚೀಲ 45.20 ಇದ್ದರೆ ಒಮ್ಮೊಮ್ಮೆ 5.20 ಅಂತ ತೋರಿಸುತ್ತದೆ, ಒಮ್ಮೆ ಬರೀ ಚುಕ್ಕೆ. ಮುಂಚೆಯೂ ಮಿಣುಕುತ್ತಿತ್ತು, ಕಾಟಾದ್ದೇ ಅಂತ ಬಿಟ್ಟಿದ್ದೆ. ದಲಾಲರು ನೋಡಿ ರೈತರ ಮುಂದೆ ಮರ್ಯಾದೆ ಹೋಗುತ್ತದೆ ಅಂತ ಕೂಗಾಡಿದರು.

ವಿದ್ಯಾನಗರ_ಯುಎಸ್‌ಬಿ

ನೋಡಿ! ಅಂಕಿ ಬೀಳುತ್ತಿದೆ ಅಂದರೆ ಕೇಬಲ್.

ಕೆಲಗೇರಿ_ಕೋಡ್

ಅಲ್ಲ ರೀ. ರೀಡ್‌ಎಕ್ಸಿಸ್ಟಿಂಗ್ ಆ ಕ್ಷಣಕ್ಕೆ ಬಫರಿನಲ್ಲಿ ಎಷ್ಟಿದೆಯೋ ಅಷ್ಟನ್ನೇ ಕೊಡುತ್ತದೆ. ಒಂದು ತೂಕ ಎರಡು ತುಂಡಾಗಿ ಬಂದರೆ ಎರಡನೇ ತುಂಡನ್ನೇ ಪೂರ್ತಿ ತೂಕ ಅಂತ ತೋರಿಸುತ್ತೀರಿ. ಬಂದದ್ದನ್ನು ಒಂದು ಸ್ಟ್ರಿಂಗ್‌ಬಿಲ್ಡರಿಗೆ ಸೇರಿಸುತ್ತಾ ಹೋಗಿ, ಸಾಲು ಮುಗಿಯುವ ಗುರುತು ಬಂದಾಗ ಮಾತ್ರ ಕತ್ತರಿಸಿ ಓದಿ.

ಯಾರೋ ರೀಡ್‌ಲೈನ್ ಹಾಕಿ ಅನ್ನುತ್ತಾರೆ, ಅದಕ್ಕೆ ಮುಂಚೆ ನಾನೇ ಹೇಳಿಬಿಡುತ್ತೇನೆ. ರೀಡ್‌ಲೈನ್ ಮಾಮೂಲಿಯಾಗಿ ಕಾಯುವುದು ಲೈನ್ ಫೀಡಿಗೆ, ಅಂದರೆ ಕೆಳಗಿನ ಸಾಲಿಗೆ ಇಳಿಸುವ ಗುರುತಿಗೆ. ಎಷ್ಟೋ ಕಾಟಾಗಳು ಬರೀ ಕ್ಯಾರೇಜ್ ರಿಟರ್ನ್, ಅಂದರೆ ಅದೇ ಸಾಲಿನ ಮೊದಲಿಗೆ ಮರಳಿಸುವ ಗುರುತು, ಕಳಿಸುತ್ತವೆ. ರೀಡ್‌ಟೈಮ್‌ಔಟ್ ಕೂಡ ಮೊದಲಿಗೆ ಮಿತಿಯೇ ಇಲ್ಲದ ಹಾಗೆ ಇರುತ್ತದೆ, ಆದ್ದರಿಂದ ಕಾಯುತ್ತಲೇ ಕೂರುತ್ತದೆ, ನೀವು ಮತ್ತೆ ಇಲ್ಲಿಗೆ ಬಂದು ಹ್ಯಾಂಗ್ ಅನ್ನುತ್ತೀರಿ. ನ್ಯೂಲೈನ್ ಬದಲಿಸಬೇಕು, ಟೈಮ್‌ಔಟ್ ಕೊಡಬೇಕು. ಪುಟ್ಟಿ ಅನ್ನುವ ಪ್ರೋಗ್ರಾಮಿನಲ್ಲಿ ಸೀರಿಯಲ್ ಆರಿಸಿ, ನಿಮ್ಮ ಬಾಡ್ ರೇಟ್ (ಪೋರ್ಟಿನ ವೇಗ) ಕೊಟ್ಟು ಕಾಟಾ ಏನು ಕಳಿಸುತ್ತದೆ ಅಂತ ಕಣ್ಣಾರೆ ನೋಡಿ. ಒಂದರ ಮೇಲೊಂದು ಅದೇ ಸಾಲಿನಲ್ಲಿ ಬರೆಯುತ್ತಿದ್ದರೆ ಕ್ಯಾರೇಜ್ ರಿಟರ್ನ್ ಮಾತ್ರ ಇದೆ ಅಂತ ಅರ್ಥ.

ಅಲ್ಲೇ ಇನ್ನೊಂದು ನೋಡಿ. ಸಾಲಿನ ಮೊದಲಲ್ಲಿ ಎಸ್‌ಟಿ, ಯುಎಸ್ ಅಂತ ಅಕ್ಷರ ಬರುತ್ತಾ? ಬಂದರೆ ಎಸ್‌ಟಿ ಅಂದರೆ ತೂಕ ನಿಂತಿದೆ, ಯುಎಸ್ ಅಂದರೆ ಇನ್ನೂ ಅಲ್ಲಾಡುತ್ತಿದೆ. ಪಟ್ಟಿಗೆ ಉಳಿಸುವ ಬಟನನ್ನು ಎಸ್‌ಟಿ ಬಂದಾಗ ಮಾತ್ರ ಒತ್ತಲು ಬಿಡಿ. ಹಮಾಲರು ಚೀಲ ಎಸೆದ ಕೂಡಲೇ ಹುಡುಗ ಬಟನ್ ಒತ್ತುತ್ತಾನೆ, ಆ ತೂಕದ ಮೇಲೆ ಜಗಳ ಆಗುವುದು ನಾನು ನೋಡಿದ್ದೇನೆ.

ಡಬ್ಬಿ_ಕಡ್ಡಿ

ಎಸ್‌ಟಿ ಬರುತ್ತದೆ ಸರ್! ಅದು ಕಸ ಅಂತ ತಿಳಿದು ರಿಪ್ಲೇಸ್ ಮಾಡಿ ತೆಗೆಯುತ್ತಿದ್ದೆ. ಕ್ಯಾರೇಜ್ ರಿಟರ್ನ್ ಮಾತ್ರ ಇರುವುದೂ ನಿಜ. ಸ್ಟ್ರಿಂಗ್‌ಬಿಲ್ಡರ್ ಹಾಕಿದೆ, ಈಗ ತೂಕ ಕುಣಿಯುತ್ತಿಲ್ಲ.

ಬೆಟಗೇರಿ_ಪ್ರೆಸ್ (ಗದಗ)

ನಡುವೆ ಬಂದೆ, ಕ್ಷಮಿಸಿ. ನಮ್ಮದೂ ವಿನ್‌ಫಾರ್ಮ್ಸ್, ಎಂಡಿಬಿ. ಗ್ರಾಹಕರ ಹೆಸರು ಕನ್ನಡದಲ್ಲಿ ಇದೆ, ಅಕಾರಾದಿ ಜೋಡಿಸಿದರೆ ಅ ಕೊನೆಗೆ, ಮ ನಡುವೆ, ಏನೇನೋ ಬರುತ್ತದೆ. ಹುಡುಕಿದರೂ ಸಿಗುವುದಿಲ್ಲ. ಜೆಟ್ ಹಾಳಾಗಿದೆಯಾ?

ಹಳೇ_ವಿಬಿ

ಯಾವ ಫಾಂಟ್?

ಬೆಟಗೇರಿ_ಪ್ರೆಸ್

ನುಡಿ. ಪ್ರೆಸ್ಸಿನಲ್ಲಿ ಮತ್ತೆ ಯಾವುದು ಇರುತ್ತದೆ?

ಕೆಲಗೇರಿ_ಕೋಡ್

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದರೆ ಡೇಟಾಬೇಸಿನಲ್ಲಿ ಕೂರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಕನ್ನಡವಾಗಿ ಕಾಣುವುದು ಫಾಂಟ್ ಹಚ್ಚಿದಾಗ ಮಾತ್ರ. ಜೋಡಣೆ ಆ ಸಂಕೇತದ ಪ್ರಕಾರ ಆಗುತ್ತದೆ. ಜೆಟ್ 4 ಯೂನಿಕೋಡ್ ಇಡುತ್ತದೆ, ಅದರ ತಪ್ಪಲ್ಲ. ಹೆಸರುಗಳನ್ನು ಯೂನಿಕೋಡಿಗೆ ಬದಲಿಸಿ, ಪರದೆಗೆ ನಿರ್ಮಲಾ ಯುಐ ಕೊಡಿ, ವಿಂಡೋಸ್ 8ರಿಂದ ಈಚೆಗೆ ಅದು ಜೊತೆಗೇ ಬರುತ್ತದೆ.

ಬೆಟಗೇರಿ_ಪ್ರೆಸ್

ಬದಲಿಸಿದರೆ ನಮ್ಮ ಪೇಜ್‌ಮೇಕರ್ ಫೈಲುಗಳಿಗೆ ಹೆಸರು ಹೇಗೆ ಕಾಪಿ ಮಾಡುವುದು? ಅಲ್ಲಿ ಯೂನಿಕೋಡ್ ಬರೀ ಪ್ರಶ್ನೆ ಚಿಹ್ನೆ ಆಗುತ್ತದೆ. ನೀವು ಸಾಫ್ಟ್‌ವೇರಿನವರು ಯೂನಿಕೋಡ್ ಅಂದುಬಿಡುತ್ತೀರಿ, ಲಗ್ನಪತ್ರ ಅಚ್ಚು ಹಾಕುವವರು ನಾವು.

ಹಳೇ_ವಿಬಿ

ಎರಡು ಕಾಲಂ ಇಡಿ. ಒಂದು ಯೂನಿಕೋಡ್, ಜೋಡಿಸಲು ಮತ್ತು ಹುಡುಕಲು. ಒಂದು ನುಡಿ, ಅಚ್ಚಿಗೆ. ನಾನು ಹಾಗೇ ಮಾಡಿದ್ದೇನೆ, ಅದೂ ವಿಬಿ6ನಲ್ಲಿ.

ಕೆಲಗೇರಿ_ಕೋಡ್

ವಿಬಿ6ನ ಟೆಕ್ಸ್ಟ್ ಬಾಕ್ಸ್ ಯೂನಿಕೋಡ್ ಕನ್ನಡ ತೋರಿಸುವುದೇ ಇಲ್ಲವಲ್ಲ ಕಾಕಾ, ಹೇಗೆ ಟೈಪ್ ಮಾಡಿಸಿದಿರಿ?

ಹಳೇ_ವಿಬಿ

ಟೈಪ್ ಮಾಡಿಸುವುದು ನುಡಿಯಲ್ಲೇ. ಉಳಿಸುವಾಗ ಪರಿವರ್ತಿಸುವ ಫಂಕ್ಷನ್ ಬರೆದಿದ್ದೇನೆ. ಒತ್ತಕ್ಷರ, ಅರ್ಕಾವೊತ್ತು ಎಲ್ಲಾ ಸೇರಿ ಉದ್ದ ಇದೆ, ಆದರೆ ಓಡುತ್ತದೆ.

ಬೆಟಗೇರಿ_ಪ್ರೆಸ್

ಕಾಕಾ, ಆ ಫಂಕ್ಷನ್ ಇಲ್ಲಿ ಹಾಕುತ್ತೀರಾ?

ವಿದ್ಯಾನಗರ_ಯುಎಸ್‌ಬಿ

ಡಬ್ಬಿ_ಕಡ್ಡಿ, ದಲಾಲರು ಹಣ ಕೊಟ್ಟರಾ?

ಡಬ್ಬಿ_ಕಡ್ಡಿ

ಅರ್ಧ ಕೊಟ್ಟರು ಅಣ್ಣಾ. ಉಳಿದದ್ದು ಪಟ್ಟಿ ಕನ್ನಡದಲ್ಲಿ ಪ್ರಿಂಟ್ ಬಂದ ಮೇಲೆ ಅಂತೆ. ಪ್ರಿಂಟರ್ ಡಾಟ್ ಮ್ಯಾಟ್ರಿಕ್ಸ್.

ಕೆಲಗೇರಿ_ಕೋಡ್

ಟೆಕ್ಸ್ಟ್ ಮೋಡಿನಲ್ಲಿ ಕನ್ನಡ ಬರುವುದಿಲ್ಲ, ಗ್ರಾಫಿಕ್ಸ್ ಆಗಿ ಕಳಿಸಬೇಕು, ನಿಧಾನ ಆಗುತ್ತದೆ ಅಂತ ಈಗಲೇ ಅವರಿಗೆ ಹೇಳಿಡಿ. ಅದಕ್ಕೆ ಬೇರೆ ಥ್ರೆಡ್ ತೆರೆಯಿರಿ, ಮತ್ತೆ ಪ್ರಿಂಟರ್ ಮಾಡೆಲ್ ಬರೆಯಿರಿ, ಮೊದಲನೇ ಪೋಸ್ಟಿನಲ್ಲೇ.